ತಮ್ಮ ಪುಸ್ತಕಕ್ಕೇ ಎದುರು ನಿಂತ ಬರ್ಡಿಕ್ ವಕೀಲರು

ನಮ್ಮೂರಿನಲ್ಲಿ ಅಸಾಹೆಲ್ ಬರ್ಡಿಕ್ ವಕೀಲರನ್ನು ಕಂಡು ನಗುವವರೇ ಹೆಚ್ಚು. ನಗಲಿ. ನನ್ನ ಮಗಳು ಲೊವಿಸಾ ಈ ಹೊತ್ತು ನನ್ನ ಮಡಿಲಲ್ಲಿ ಮಲಗಿದ್ದಾಳೆಂದರೆ ಅದು ಆ ಮನುಷ್ಯನಿಂದ. ಅವಳು ಏಳುವುದರೊಳಗೆ ಇಷ್ಟನ್ನು ಬರೆದಿಡಬೇಕು.

ಬರ್ಡಿಕ್ಕರು ಗುಡ್ಡದ ಮೇಲಿನ ಕಲ್ಲುಹೊಲದ ರೈತನ ಮಗ. ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಒಲೆಗೆ ಸೌದೆ ಹಾಕುತ್ತ, ಪತ್ರಗಳ ನಕಲು ತೆಗೆಯುತ್ತ ಕಾನೂನು ಕಲಿತರು. ಆದರೆ ನ್ಯಾಯಾಧೀಶರೆದುರು ನಿಂತರೆ ನಾಲಿಗೆ ತೊದಲುತ್ತಿತ್ತು. ಕಕ್ಷಿಗಾರರು ಹತ್ತಿರ ಸುಳಿಯಲಿಲ್ಲ. ಹಾಗಾಗಿ ಬರೆಯಲು ಕೂತರು. ತಂದೆ ಸತ್ತ ಮಕ್ಕಳು ಯಾರ ವಶಕ್ಕೆ ಸೇರಬೇಕೆಂದು ದೇಶದ ನ್ಯಾಯಾಧೀಶರು ಕೊಟ್ಟ ತೀರ್ಪುಗಳನ್ನೆಲ್ಲ ಹುಡುಕಿ ಹೊಂದಿಸುವುದರಲ್ಲಿ ಪ್ರಾಯವೇ ಕಳೆಯಿತು, ಮದುವೆಗೆ ಪುರುಸೊತ್ತಾಗಲಿಲ್ಲ. ದಪ್ಪ ಪುಸ್ತಕ ಬಾಸ್ಟನ್ನಿನಲ್ಲಿ ಅಚ್ಚಾಯಿತು. ವಕೀಲರೆಲ್ಲ ಕೊಂಡರು. "ಅದರಲ್ಲಿ ನನ್ನ ಸ್ವಂತ ಮಾತು ಒಂದೂ ಇಲ್ಲ" ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ನಾನು ಬಸುರಿಯಾಗಿದ್ದಾಗ ನನ್ನ ಗಂಡ ಹೊಸಿಯಾ ಚಳಿಗಾಲದಲ್ಲಿ ಎದೆಯ ಜ್ವರ ಬಂದು ತೀರಿಕೊಂಡ. ಅವನ ಉಯಿಲನ್ನು ಒಡೆದು ಓದಿದಾಗ ತಿಳಿಯಿತು: ಹುಟ್ಟುವ ಮಗುವಿಗೆ ಪಾಲಕನೆಂದು ತನ್ನ ಅಣ್ಣ, ಮರದ ಗಿರಣಿಯ ಒಡೆಯ ಜೇಬೆಜ್‌ನನ್ನು ಬರೆದಿಟ್ಟಿದ್ದ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕೇಳಬೇಕೆಂದು ಕಾನೂನೂ ಹೇಳುವುದಿಲ್ಲ. ಹೆತ್ತವಳು ಬದುಕಿದ್ದಾಳೆ, ಸತ್ತವನ ಕಾಗದ ಮಗುವನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ. ಹಸು ಮಾರಿದರೆ ಕರುವನ್ನೂ ಜೊತೆಗೆ ಹೊಡೆದು ಕಳಿಸುವ ಊರು ಇದು. ನನಗೆ ಅಷ್ಟು ಮರ್ಯಾದೆಯೂ ಇರಲಿಲ್ಲ.

ಲೊವಿಸಾ ಹುಟ್ಟಿದ ಮೇಲೆ ಜೇಬೆಜ್ ಅವಳನ್ನು ಕೇಳಿದ; ನಾನು ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಬರ್ಡಿಕ್ಕರ ಮನೆಗೆ ಹೋದೆ.

"ಕಾನೂನು ನಿಮ್ಮ ಕಡೆ ಇಲ್ಲಮ್ಮ ತಿರ್ಜಾ," ಎಂದರು. "ನಾನೇ ಬರೆದಿದೀನಿ."

"ಯಾಕ್ ಬರೆದ್ರಿ?"

"ನ್ಯಾಯಾಧೀಶರು ಹೇಳಿದ್ದನ್ನ ಬರ್ದೆ."

"ಮಗೂನ ಕಿತ್ಕೊಳ್ಳಿ ಅಂತ ಹೇಳಿದ್ರೆ ಅದನ್ನೂ ಚೆಂದವಾಗಿ ಬರ್ದಿಟ್ರಾ?"

ಅಷ್ಟರಲ್ಲಿ ಲೊವಿಸಾ ಹಸಿದು ಅಳತೊಡಗಿದಳು. ನಾನು ಗೋಡೆಗೆ ತಿರುಗಿ ಹಾಲು ಕುಡಿಸಿದೆ. ಅವರು ಮೇಜಿನ ಮೇಲಿದ್ದ ತಮ್ಮ ಪುಸ್ತಕವನ್ನು ಮುಚ್ಚಿಟ್ಟರು. ಆಮೇಲೆ, "ನಾನು ನಿಮ್ಮ ಪರ ನಿಲ್ತೀನಿ. ನಗ್ತಾರೆ, ತಡ್ಕೋಬೇಕು," ಎಂದರು.

ಕೋರ್ಟಿನಲ್ಲಿ ಎಲ್ಲರೂ ನಕ್ಕರು. ಜೇಬೆಜ್ ಗೊತ್ತುಮಾಡಿಕೊಂಡಿದ್ದ ವಕೀಲ ಎದ್ದು ನಿಂತು ಬರ್ಡಿಕ್ಕರ ಪುಸ್ತಕವನ್ನೇ ತೆರೆದು, ತಂದೆ ಉಯಿಲಿನಲ್ಲಿ ನೇಮಿಸಿದವನ ಹಕ್ಕು ತಾಯಿಯ ಹಕ್ಕಿಗಿಂತ ಮೇಲು ಎಂಬ ಸಾಲನ್ನು ರಾಗವಾಗಿ ಓದಿದ. ನ್ಯಾಯಾಧೀಶರಿಗೂ ತಮಾಷೆ.

"ಈ ಗ್ರಂಥಕರ್ತರು ನಿಮಗೆ ಪರಿಚಯ ಇರ್ಬೇಕಲ್ಲ, ಬರ್ಡಿಕ್ ಅವರೆ?"

"ಇದೆ, ಸ್ವಾಮಿ. ದ-ದಡ್ಡ."

"ಎಲ್ಲಿ ತಪ್ಪು ಬರೆದಿದಾರೆ, ತೋರಿಸಿ."

"ತಪ್ಪೇನೂ ಬರೆದಿಲ್ಲ. ಬರೆಯೋವಾಗ ನಾಚಿಕೆ ಪಡ್ಬೇಕಿತ್ತು, ಪಡ್ಲಿಲ್ಲ."

"ನಾಚಿಕೆಯನ್ನ ಯಾವ ಕಲಮಿನ ಕೆಳಗೆ ಹಾಕ್ಲಿ?"

ಮತ್ತೆ ನಗು. ಒಬ್ಬ ತಾಯಿಯಿಂದ ಮಗುವನ್ನು ಕಿತ್ತುಕೊಳ್ಳುವ ಹೊತ್ತಿನಲ್ಲಿ ದೊಡ್ಡ ಮನುಷ್ಯರು ಹೀಗೆ ನಗಬಲ್ಲರೆಂದು ಆವತ್ತು ನೋಡಿದೆ. ಬರ್ಡಿಕ್ಕರು ತೊದಲುತ್ತಲೇ ಮಧ್ಯಾಹ್ನದವರೆಗೆ ವಾದಿಸಿದರು. ಕೊನೆಗೆ ಬೇಡಿದ್ದು ಇಷ್ಟೇ: ಗಿರಣಿಯ ಒಡೆಯರಿಗೆ ಹಾಲೂಡಿಸಲು ಬರುವುದಿಲ್ಲ; ಮೊಲೆ ಬಿಡಿಸುವ ತನಕವಾದರೂ ಮಗು ತಾಯಿಯ ಬಳಿ ಇರಲಿ. ಊಟದ ಹೊತ್ತು ಮೀರಿತ್ತು. ನ್ಯಾಯಾಧೀಶರು ಒಪ್ಪಿ ಸಹಿ ಹಾಕಿದರು. ಮೊಲೆ ಬಿಡಿಸುವುದು ಯಾವಾಗ ಎಂದು ಯಾರೂ ಬರೆಯಲಿಲ್ಲ. ಅದನ್ನು ಗೊತ್ತುಮಾಡುವವಳು ನಾನು.

ಆಮೇಲೆ ಬರ್ಡಿಕ್ಕರು ಪುಸ್ತಕದ ಎರಡನೆಯ ಮುದ್ರಣಕ್ಕೆ ಕೂತರು. ಆ ನಿಯಮದ ಕೆಳಗೆ 'ಇದು ಅನ್ಯಾಯ' ಎಂದು ಸೇರಿಸಿದರು. ವಕೀಲರು ಕಾನೂನನ್ನು ಕೊಳ್ಳುತ್ತಾರೆ, ನಿಮ್ಮ ಸಿಟ್ಟನ್ನಲ್ಲ ಎಂದು ಬಾಸ್ಟನ್ನಿನ ಪ್ರಕಾಶಕರು ಹಿಂದಕ್ಕೆ ಕಳಿಸಿದರು. ಇವರು ತೆಗೆಯಲಿಲ್ಲ, ಪುಸ್ತಕ ಅಚ್ಚಾಗಲಿಲ್ಲ. ಈಗ ಪ್ರತಿ ಚಳಿಗಾಲ, ಈ ಕಾನೂನನ್ನು ಬದಲಿಸಿ ಎಂದು ಕೇಳುವ ಹೆಂಗಸರ ಸಹಿಗಳ ಕಟ್ಟು ಹಿಡಿದು ರಾಜಧಾನಿಗೆ ಹೋಗಿ ಶಾಸನಸಭೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಒಳಗಿನವರು ಅಲ್ಲಿಯೂ ನಗುತ್ತಾರಂತೆ.

ಮೊನ್ನೆ ಜೇಬೆಜ್ ಮಗುವನ್ನು ಒಯ್ಯಲು ದಾದಿಯೊಬ್ಬಳನ್ನು ಗಾಡಿಯಲ್ಲಿ ಕೂರಿಸಿಕೊಂಡೇ ಬಂದ. ಲೊವಿಸಾ ಅಂಗಳದಲ್ಲಿ ಓಡಾಡುತ್ತ ಉಪ್ಪು ಹಾಕಿದ ಹಂದಿಮಾಂಸದ ತುಂಡೊಂದನ್ನು ಅಗಿಯುತ್ತಿದ್ದಳು. ಬರ್ಡಿಕ್ಕರು ಮೆಟ್ಟಿಲ ಮೇಲೆ ಕೂತಿದ್ದರು.

"ಮಾಂಸ ತಿಂತಾಳೆ, ಇನ್ನೂ ಮೊಲೆ ಬಿಟ್ಟಿಲ್ಲ ಅಂತೀರಲ್ಲ?" ಎಂದ ಜೇಬೆಜ್.

"ಏನ್ ತಿಂತಾಳೆ ಅಂತ ಕೋರ್ಟು ಕೇಳಿಲ್ಲಪ್ಪ," ಎಂದರು ಬರ್ಡಿಕ್ಕರು, ಒಂದು ಅಕ್ಷರವೂ ತೊದಲದೆ. "ಅನುಮಾನ ಇದ್ರೆ ಒಳಗ್ ಬಂದು ಕೂತ್ಕೊಂಡು ನೋಡು. ಚರ್ಚಿನ ಸಭೆಯ ಹಿರಿಯ ಅಲ್ವಾ ನೀನು, ನಿನ್ನ ಸಾಕ್ಷಿ ನಡೆಯುತ್ತೆ."

ಜೇಬೆಜ್ ಕಿವಿಯವರೆಗೆ ಕೆಂಪಾದ. ದಾದಿ ಮುಖ ತಿರುಗಿಸಿ ನಕ್ಕಳು. ಗಾಡಿ ಬಂದ ದಾರಿಯಲ್ಲೇ ಹೋಯಿತು.

ಮತ್ತೆ ಬರುತ್ತಾನೆ, ಗೊತ್ತು. ಬಾವಿಯ ಬಳಿ ಹೆಂಗಸರು ನನ್ನನ್ನು ನೋಡಿ ಪಿಸುಗುಟ್ಟುವುದೂ ಗೊತ್ತು. ಶಾಸನಸಭೆ ತನಗೆ ಬೇಕಾದಷ್ಟು ಚಳಿಗಾಲ ತೆಗೆದುಕೊಳ್ಳಲಿ. ಅಲ್ಲಿಯವರೆಗೆ ನಾನು ಮೊಲೆ ಬಿಡಿಸುವವಳಲ್ಲ.