ತೋಳಿನಿಂದ ಒರೆಸಿದ ಕಣ್ಣೀರು

ಮೆಣಸಿನಕಾಯಿ ತೊಟ್ಟು ಬಿಡಿಸುವ ಕೈಯಿಂದ ಮಕ್ಕಳ ಮುಖ ಮುಟ್ಟಬಾರದು. ಎಷ್ಟು ತೊಳೆದರೂ ಹಾಳಾದ ಖಾರ ಹೋಗುವುದಿಲ್ಲ. ಅದಕ್ಕೇ ಬ್ಯಾಡಗಿಯಲ್ಲಿ ಈ ಕೆಲಸ ಮಾಡುವ ನಾವು ಹೆಂಗಸರು ಮಕ್ಕಳ ಕಣ್ಣೀರನ್ನು ಮೊಣಕೈ ಮೇಲಿನ ತೋಳಿನಿಂದ ಒರೆಸುತ್ತೇವೆ.

ಮಗಳನ್ನು ಹೆತ್ತವಳು ನನ್ನವಳು. ಗಂಡ ತೀರಿಕೊಂಡ ಮೇಲೆ ಮೂರು ತಿಂಗಳ ಕೂಸನ್ನೆತ್ತಿಕೊಂಡು ನನ್ನ ಪಕ್ಕದ ಮನೆಗೆ ಬಾಡಿಗೆಗೆ ಬಂದಳು. ವರ್ಷದೊಳಗೆ ನಾವು ಒಂದೇ ಮನೆಯವರಾದೆವು. ಓಣಿಯವರ ಮುಂದೆ ನಾನು ಮಗಳಿಗೆ ಚಿಗವ್ವ, ಅಂದರೆ ಚಿಕ್ಕಮ್ಮ; ಮನೆಯೊಳಗೆ ಅವ್ವ. ನಮ್ಮಂಥ ಇಬ್ಬರು ಹೆಂಗಸರ ಮದುವೆಗೆ ದೊಡ್ಡ ಕೋರ್ಟು ಒಪ್ಪಲಿಲ್ಲವೆಂದು ಟಿವಿಯಲ್ಲಿ ಹೇಳಿದ ದಿನ ನನಗೆ ಹತ್ತಿದ್ದು ಮಗಳ ಚಿಂತೆ. ನಾಳೆ ಹೆತ್ತವಳಿಗೇನಾದರೂ ಆದರೆ, ಮೇಡ್ಲೇರಿಯಲ್ಲಿರುವ ಅವಳ ಮೈದುನ ಬಂದು ಮಗಳನ್ನು ಕರೆದೊಯ್ದರೆ, ಬೇಡ ಎನ್ನಲು ನಾನು ಯಾರು?

ನನ್ನನ್ನೂ ತಾಯಿಯೆಂದು ಒಪ್ಪಬೇಕೆಂದು ಅರ್ಜಿ ಹಾಕೋಣ ಎಂದರು ಹಾವೇರಿಯ ವಕೀಲರು. "ಗೆಲ್ತೀವಂತ ಹೇಳಾಕ ಬರೂದಿಲ್ರಿ ಅಕ್ಕಾರ. ಆದ್ರ ಕೇಳದ ಹೆಂಗ ಬಿಡೂದು?"

ನಾನು ಸಹಿ ಹಾಕಿ ಬಂದಿದ್ದೆ. ತನ್ನ ಸಹಿ ಹಾಕಲು ಅವಳು ಹಾವೇರಿಗೆ ಹೋದ ದಿನವೇ ಮಗಳು ಶಾಲೆಯ ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡಳು. ಅಂಗಡಿಯಲ್ಲಿ ತೊಟ್ಟು ಬಿಡಿಸುತ್ತಿದ್ದವಳು ಕೈಗೆ ಖಾರದ ಉರಿ ತಣಿಸುವ ಎಣ್ಣೆಯನ್ನೂ ಹಚ್ಚದೆ ಓಡಿದೆ. ಆಟೋ ಹಿಡಿದು ರಾಣೆಬೆನ್ನೂರಿನ ಆಸ್ಪತ್ರೆಗೆ ಕರೆದೊಯ್ದೆ. ಅರಿವಳಿಕೆ ಕೊಟ್ಟು ಮೂಳೆ ಕೂಡಿಸಬೇಕು, ಮನೆಯವರ ಸಹಿ ಬೇಕು ಎಂದರು ಡಾಕ್ಟರು.

"ನೀವು ಏನಾಗ್ಬೇಕ್ರಿ?" ನರ್ಸಮ್ಮ ಕೇಳಿದಳು.

"ಚಿಗವ್ವರಿ," ಎಂದುಬಿಟ್ಟೆ. ಥೂ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಕೋರ್ಟಿನಲ್ಲಿ ತಾಯಿ ಎನ್ನಲು ಹೊರಟವಳು ಒಂದು ಪ್ರಶ್ನೆಗೇ ಹೆದರಿ ಓಣಿಯ ಸುಳ್ಳು ಹೇಳಿದ್ದೆ.

ಮಗಳು ಅಳುತ್ತ ನನ್ನತ್ತ ಸರಿದಳು. ನಾನು ಖಾರದ ಕೈಗಳನ್ನು ಹಿಂದಕ್ಕೆಳೆದುಕೊಂಡೆ. ಅವಳಿಗದು ಹೊಸದೇ? ಕೆನ್ನೆಯನ್ನು ನನ್ನ ತೋಳಿಗೆ ಒತ್ತಿ, ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಾನೇ ಕಣ್ಣೊರೆಸಿಕೊಂಡಳು. ನರ್ಸಮ್ಮ ನೋಡುತ್ತ ನಿಂತುಬಿಟ್ಟಳು.

"ನಾನೂ ಬ್ಯಾಡಗಿಯಾಕೀನರಿ. ನಮ್ಮವ್ವನೂ ತೊಟ್ಟು ಬಿಡಸ್ತಿದ್ಲು," ಎಂದಳು ಮೆಲ್ಲಗೆ. "ಚಿಗವ್ವ ಅಲ್ರಿ ನೀವು. ಈ ಕೂಸಿನ ಅವ್ವ. ಗೊತ್ತಾತ್ರಿ ನನಗ."

ನಾನು ಕಾಗದದತ್ತ ಬಾಗಿದೆ. "ಹಂಗಾದ್ರ ಎಲ್ಲಿ ಸಹಿ ಮಾಡ್ಲಿರಿ?"

ಅವಳು ತಲೆ ತಗ್ಗಿಸಿದಳು. "ನನಗ ಗೊತ್ತಾದ್ರ ಆಗೂದಿಲ್ರಿ ಅಕ್ಕಾರ. ಕಾಗದದಾಗ ಇರಬೇಕು. ಹೆತ್ತಾಕಿ ಬರಲಿ."

ಹೆತ್ತವಳು ಬಸ್ ಹಿಡಿದು ಬರುವಷ್ಟರಲ್ಲಿ ಒಂದೂವರೆ ಗಂಟೆಯಾಯಿತು. ಅಷ್ಟೂ ಹೊತ್ತು ಮಗಳು ನನ್ನ ತೋಳಿಗೆ ಆತು ನರಳಿದಳು. ಓಡುತ್ತ ಬಂದವಳು ಅರ್ಜಿಯ ಪ್ರತಿಯನ್ನು ನನ್ನ ಮಡಿಲಿಗೆ ಹಾಕಿ, ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಿದಳು. "ಒಳಗ ಒಬ್ಬರ ಬರ್ರಿ, ತಾಯಿ ಅಷ್ಟ," ಎಂದು ಯಾರೋ ಕೂಗಿದರು. ಅವಳು ನನ್ನ ಮುಖ ನೋಡಿದಳು, ಆಮೇಲೆ ಒಳಗೆ ಹೋದಳು.

ನಾನು ಹೊರಗೆ ಕುಳಿತೆ. ತೋಳು ಇನ್ನೂ ಒದ್ದೆಯಾಗಿತ್ತು.