ಮೂರನೇ ಸಲ ಕೇಳುವವರು

ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ, ಮಕ್ಕಳನ್ನು ಕರೆದೊಯ್ಯಲು ಸಾಲಾಗಿ ನಿಂತ ಕಾರುಗಳ ಪಕ್ಕದಲ್ಲಿ ಒಂದು ದೊಡ್ಡ ಹುಲ್ಲಿನ ಟೋಪಿ ತೇಲಿಕೊಂಡು ಬರುತ್ತಿತ್ತು. ಟೋಪಿಯ ಕೆಳಗೆ ಹತ್ತಿಯ ಚೂಡಿದಾರ, ಅದರ ಕೆಳಗೆ ಬೆಳ್ಳಗಿನ ಸ್ನೀಕರ್ಸ್, ಕೈಯಲ್ಲೊಂದು ಸ್ಟೀಲ್ ಡಬ್ಬಿ. ಕಾರಿನ ಗಾಜಿಗೆ ಉಂಗುರದಿಂದ ಟಕ್ ಟಕ್ ಎಂದು ತಟ್ಟುವುದು. ಗಾಜು ಇಳಿಸಿದರೆ ಮೊದಲು ಅಂಗೈಗೆ ಅವಲಕ್ಕಿ ಚೂಡಾ ಬೀಳುತ್ತಿತ್ತು, ಬೆನ್ನಿಗೇ ಒಂದು ಕೆಲಸ. ಚೂಡಾ ಬಾಯಿಗೆ ಹಾಕಿಕೊಂಡವರು ಆಗುವುದಿಲ್ಲ ಎನ್ನುವುದು ಹೇಗೆ?

ಆ ಟೋಪಿಯವರು ಪ್ರಮೀಳಾ. ಗದಗಿನವರು. ಅಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಗಂಡನ ಟೆಲಿಕಾಂ ಕೆಲಸದ ಬೆನ್ನು ಹತ್ತಿ ಕಡಲು ದಾಟಿ ಫ್ರಿಸ್ಕೋಗೆ ಬಂದ ಮೇಲೆ, ನನ್ನ ಹಾಗೆಯೇ, ದುಡಿಯಲು ಅನುಮತಿಯಿಲ್ಲದ ವೀಸಾದಲ್ಲಿ ಮನೆಯಲ್ಲಿದ್ದರು. ನಮ್ಮ ಮಕ್ಕಳ ಶಾಲೆಯ ಪಾಲಕರ ಸಂಘಕ್ಕೆ ಕೈ ಬೇಕಾದಾಗಲೆಲ್ಲ ಜನ ಹಿಡಿದು ತರುವ ಕೆಲಸವನ್ನು ಅವರು ತಾವಾಗಿ ಮೈಮೇಲೆ ಹಾಕಿಕೊಂಡಿದ್ದರು. ಸಂಘದವರು ಮಕ್ಕಳ ಬ್ಯಾಗಿನಲ್ಲಿ ಬಣ್ಣಬಣ್ಣದ ಚೀಟಿ ಕಳಿಸುತ್ತಿದ್ದರು. ನಮ್ಮವರ ಮನೆಗಳಲ್ಲಿ ಆ ಚೀಟಿ ಊಟದ ಡಬ್ಬಿಯ ಅಡಿಯಲ್ಲಿ ಒದ್ದೆಯಾಗಿ ಕಸಕ್ಕೆ ಹೋಗುತ್ತಿತ್ತು. ಚೀಟಿಗೆ ಯಾರೂ ಬರುವುದಿಲ್ಲ, ಮದುವೆಗೆ ಕರೆದ ಹಾಗೆ ಎದುರು ನಿಂತು ಕರೆಯಬೇಕು ಎನ್ನುವುದು ಪ್ರಮೀಳಾ ಅವರ ವಾದ. ಎದುರು ನಿಲ್ಲಲು ಕಾರಿನ ಸಾಲಿಗಿಂತ ಒಳ್ಳೆಯ ಜಾಗ ಇರಲಿಲ್ಲ. ಮುಂದೆ ಒಂದು ಕಾರು, ಹಿಂದೆ ಒಂದು ಕಾರು. ಸಿಕ್ಕವರು ಓಡುವುದಾದರೂ ಎಲ್ಲಿಗೆ!

ಆಗಿನ ಫ್ರಿಸ್ಕೋ ನೆನೆದರೆ ಮಧ್ಯಾಹ್ನದ ನಿದ್ದೆಯಲ್ಲಿ ಕಂಡ ಊರಿನಂತೆ ಅನ್ನಿಸುತ್ತದೆ. ಅರ್ಧ ಕಟ್ಟಿದ ಮನೆಗಳು, ನೆರಳು ಕೊಡಲು ಇನ್ನೂ ಕಲಿಯದ ಸಣ್ಣ ಗಿಡಗಳು, ಬೀದಿಯ ಕೊನೆಗೆ ಇದ್ದಕ್ಕಿದ್ದಂತೆ ಶುರುವಾಗುವ ಬಯಲು, ಅದರ ಮೇಲೆ ಅಷ್ಟಗಲದ ಆಕಾಶ. ಗಂಡ ಬೆಳಿಗ್ಗೆ ಡ್ರೈವ್ ಮಾಡಿಕೊಂಡು ಹೋದರೆ ಸಂಜೆಯವರೆಗೆ ನನಗೆ ಮಾತೇ ಇರುತ್ತಿರಲಿಲ್ಲ. ಎಷ್ಟೋ ದಿನ ಕಾರಿನ ಸಾಲಿನಲ್ಲಿ ಬಿಸಿಲು ನೋಡುತ್ತ ಕೂತು ನಾನು ಮೈಸೂರಿನಲ್ಲಿದ್ದೇನೋ ಇಲ್ಲಿದ್ದೇನೋ ಎಂಬುದೇ ಮರೆತುಹೋಗುತ್ತಿತ್ತು. ಅಂಥ ಒಂದು ದಿನ ಗಾಜಿಗೆ ಉಂಗುರ ತಟ್ಟಿತು.

ಶಾಲೆಯ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದರು. ನನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ಬೇಡಿ ಎಂದೆ. ನಕ್ಕು ಹೊರಟುಹೋದರು. ಮರುದಿನ ಮತ್ತೆ ಬಂದರು, ಮತ್ತೆ ಬೇಡ ಎಂದೆ. ಮೂರನೇ ಸಲ ಬಂದಾಗ ಡಬ್ಬಿಯನ್ನೇ ಕಿಟಕಿಯೊಳಗೆ ಇಟ್ಟು, "ಲೈಬ್ರರ್‍ಯಾಗ ಪುಸ್ತಕ ಜೋಡಸೂದೈತ್ರಿ, ಸುಧಾ ಅವರ. ಪುಸ್ತಕ ನಿಮ್ಮ ಜೋಡಿ ಇಂಗ್ಲಿಷ್ ಮಾತಾಡೂದಿಲ್ಲ" ಎಂದರು. ಮಾರನೆಯ ವಾರ ನಾನು ಲೈಬ್ರರಿಯಲ್ಲಿದ್ದೆ. ವರ್ಷ ಮುಗಿಯುವಷ್ಟರಲ್ಲಿ ಮಕ್ಕಳ ಜಾತ್ರೆಯಂಥ ಕಾರ್ನಿವಲ್‌ನಲ್ಲಿ ಪಾಪ್‌ಕಾರ್ನ್ ಯಂತ್ರದ ಹಿಂದೆ ನಿಂತು, ಗೊತ್ತಿದ್ದಷ್ಟು ಇಂಗ್ಲಿಷಿನಲ್ಲಿ ಜಗಳವನ್ನೂ ಆಡುತ್ತಿದ್ದೆ.

ಮೂರು ಸಲ ಕೇಳುವುದು ಅವರ ಶಾಸ್ತ್ರ. ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರಿಂದ ಕಲಿತದ್ದಂತೆ. ಎಲೆಗೆ ಕೈ ಅಡ್ಡ ಹಿಡಿದು ಸಾಕು ಎಂದವರನ್ನು ಹಾಗೇ ದಾಟಿ ಹೋದರೆ ಅದು ಬಡಿಸಿದ ಹಾಗಾಯಿತೇ ಎಂದು ಕೇಳುತ್ತಿದ್ದರು. "ಮೊದಲನೇ ಬ್ಯಾಡ ಮರ್ಯಾದಿದು, ಎರಡನೇದು ಅಂಜಿಕಿದು. ಮೂರನೇದಷ್ಟ ಖರೇ" ಎನ್ನುತ್ತಿದ್ದರು. ಮೂರನೇ ಸಲವೂ ಬೇಡ ಎಂದವರನ್ನು ಅವರು ಮತ್ತೆ ಕಾಡುತ್ತಿರಲಿಲ್ಲ. ಚೂಡಾ ಮಾತ್ರ ತಪ್ಪದೆ ಕೊಡುತ್ತಿದ್ದರು.

ಇಷ್ಟೆಲ್ಲ ಜನರನ್ನು ಕರೆತಂದವರಿಗೆ ತಮ್ಮದೂ ಒಂದು ಆಸೆಯಿತ್ತು. ನಮ್ಮ ಶಾಲೆಯಲ್ಲಿ ಮಕ್ಕಳು ಕೂತು ಉಣ್ಣುವ ಹಾಲ್‌ನ ಒಂದು ತುದಿಗೇ ವೇದಿಕೆ. ಒಂದು ದಿನ ಅಲ್ಲಿ ಕುರ್ಚಿ ಜೋಡಿಸುತ್ತಿದ್ದಾಗ ಅವರು ಆ ವೇದಿಕೆಯನ್ನೇ ನೋಡುತ್ತ ನಿಂತುಬಿಟ್ಟರು. "ಗದಗಿನಾಗ ನಾ ಕ್ಲಾಸಿಗೆ ಹೊಕ್ಕರ ಹುಡುಗ್ಯಾರೆಲ್ಲ ಗಪ್‌ಚಿಪ್. ಇಲ್ಲಿ ನನ್ನ ಮಾತು ಕೇಳಾವರು ಯಾರದಾರ್ರಿ? ಒಂದ ವರ್ಷ ಈ ಸಂಘದ ಅಧ್ಯಕ್ಷಳಾಗಿ ಆ ಮೈಕಿನ ಮುಂದ ನಿಂದರಬೇಕು ಅನಸ್ತೈತಿ" ಎಂದರು. ಹೇಳಿ ನಾಚಿಕೊಂಡು, ಯಾರಿಗೂ ಹೇಳಬೇಡಿ ಎಂದು ನನ್ನ ಕೈ ಹಿಡಿದರು.

ಆ ವಸಂತದಲ್ಲಿ ಹೊಸ ಅಧ್ಯಕ್ಷರನ್ನು ಆರಿಸುವ ಸಭೆ. ಇಳಿಯುತ್ತಿದ್ದ ಅಧ್ಯಕ್ಷೆ ಷೆರಿಲ್ ಒಳ್ಳೆಯ ಹೆಂಗಸು, ಪ್ರಮೀಳಾ ಅವರ ಚೂಡಾಕ್ಕೆ ಸೋತವಳು. ಎಲ್ಲರೆದುರು ಅವರನ್ನೇ ನೋಡಿ, ಮುಂದಿನ ವರ್ಷ ನೀವು ವಹಿಸಿಕೊಳ್ಳುತ್ತೀರಾ ಎಂದು ಕೇಳಿದಳು. ಪ್ರಮೀಳಾ ಅವರ ಮುಖ ಅರಳಿತು. ಅರಳಿದ ಮುಖದಲ್ಲೇ ತಲೆ ತಗ್ಗಿಸಿ, ಅಯ್ಯೋ ಬೇಡ, ನನಗಿಂತ ಚೆನ್ನಾಗಿ ಮಾಡುವವರು ಎಷ್ಟೋ ಜನರಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಷೆರಿಲ್ ಎದೆಯ ಮೇಲೆ ಕೈಯಿಟ್ಟು, ಖಂಡಿತ ಅರ್ಥವಾಗುತ್ತದೆ, ಒತ್ತಾಯವಿಲ್ಲ ಎಂದು ಪಕ್ಕದವಳ ಕಡೆ ತಿರುಗಿದಳು. ಪಕ್ಕದವಳು ಸರಿ ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಚಪ್ಪಾಳೆಯೂ ಆಗಿಹೋಗಿತ್ತು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರೆ, ಆದರೆ ಅಷ್ಟು ಬಾಯಿದ್ದ ಪ್ರಮೀಳಾ ತಮ್ಮ ಎಲೆಗೆ ಕೈ ಅಡ್ಡ ಹಿಡಿದು ಉಪವಾಸ ಎದ್ದರು. ಷೆರಿಲ್‌ದೇನೂ ತಪ್ಪಿರಲಿಲ್ಲ. ಬೇಡ ಎಂದವರನ್ನು ಮತ್ತೆ ಕೇಳದಿರುವುದೇ ಅವಳ ಊರಿನ ಮರ್ಯಾದೆ.

ಮನೆಗೆ ವಾಪಸು ಬರುವಾಗ ಪ್ರಮೀಳಾ ಅವರೇ ಕಾರು ಓಡಿಸುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗ, "ಅಕಿ ಒಂದ ಸಲ ಕೇಳಿದಳು ನೋಡ್ರಿ" ಎಂದರು. ಅಷ್ಟೇ. ಮರುದಿನ ಮಧ್ಯಾಹ್ನ ಟೋಪಿ ಮತ್ತೆ ಕಾರುಗಳ ಪಕ್ಕ ತೇಲಿ ಬಂತು, ಈಗ ಹೊಸ ಅಧ್ಯಕ್ಷೆಗಾಗಿ ಜನ ಹುಡುಕುತ್ತ.

ಮುಂದಿನ ವಸಂತದ ಸಭೆಗೆ ನಾನು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. ಅಧ್ಯಕ್ಷ ಸ್ಥಾನಕ್ಕೆ ಹೆಸರು ಸೂಚಿಸಿ ಎನ್ನುತ್ತಿದ್ದಂತೆ ಎದ್ದು ಪ್ರಮೀಳಾ ಎಂದೆ. ಅವರು ಬೇಡ ಎಂದರು. ಎಲ್ಲರೂ ಮುಂದಿನ ಹೆಸರಿಗೆ ಹೋಗಲು ಹೊರಟಾಗ, ಸ್ವಲ್ಪ ತಡೆಯಿರಿ, ನಮ್ಮ ಕಡೆ ಮತ್ತೆ ಕೇಳುವುದು ಪದ್ಧತಿ ಎಂದೆ. ಜನ ನಕ್ಕರು. ಎರಡನೇ ಸಲ ಕೇಳಿದೆ. ಅವರು ಬಳೆ ತಿರುಗಿಸುತ್ತ ಬೇಡ ಎಂದರು. ಇನ್ನು ಗೆದ್ದೆವು ಎಂದುಕೊಂಡು ಕನ್ನಡದಲ್ಲಿ ಕೇಳಿದೆ: "ಪ್ರಮೀಳಾ ಅವರೇ, ಇದು ಮೂರನೇ ಸಲ. ಆಗ್ತೀರಾ?"

ಅವರು ನನ್ನನ್ನೇ ನೋಡಿದರು. ಕಣ್ಣು ತುಂಬಿತ್ತು. "ಬ್ಯಾಡ್ರಿ" ಎಂದರು, ಮೆಲ್ಲಗೆ. ಹಿಂದಿನ ತಿಂಗಳೇ ಅವರ ಗಂಡನ ಕೆಲಸ ಹೋಗಿತ್ತು, ನನಗೆ ಆಮೇಲೆ ಗೊತ್ತಾಯಿತು. ಬೇರೆ ಕೆಲಸ ಸಿಕ್ಕಿದ್ದು ನಾಲ್ಕು ಗಂಟೆ ದಾರಿಯ ಆಸ್ಟಿನ್ನಿನ ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ, ಬೇಸಿಗೆ ರಜೆಗೆ ಆ ಊರಿನ ಪಕ್ಕದ ಸೀಡರ್ ಪಾರ್ಕ್‌ಗೆ ಶಿಫ್ಟ್ ಆಗುವವರಿದ್ದರು. ಆ ದಿನ ಅಧ್ಯಕ್ಷರ ಆಯ್ಕೆ ಮುಂದಕ್ಕೆ ಹೋಯಿತು.

ಹೊರಡುವ ಹಿಂದಿನ ದಿನ ಲೈಬ್ರರಿಯ ಪುಸ್ತಕ ಹಿಂದಿರುಗಿಸಲು ಇಬ್ಬರೂ ಶಾಲೆಗೆ ಹೋಗಿದ್ದೆವು. ಮಕ್ಕಳಿಲ್ಲದ ಶಾಲೆ. ನೆಲ ಆಗಷ್ಟೇ ಹೊಳಪು ಕಂಡಿತ್ತು, ಅದರ ಮೇಲೆ ಕಿಟಕಿಯ ಬಿಸಿಲು ನೀರಿನ ಹಾಗೆ ಮಲಗಿತ್ತು. ಊಟದ ಹಾಲ್‌ನ ಬಾಗಿಲು ತೆರೆದೇ ಇತ್ತು. ನಾನು ವೇದಿಕೆಯ ಕಡೆ ಕೈ ತೋರಿಸಿ, ಖಾಲಿ ಕುರ್ಚಿಗಳ ಮೊದಲ ಸಾಲಿನಲ್ಲಿ ಹೋಗಿ ಕೂತೆ. ಒಂದಿಷ್ಟು ಹೊತ್ತು ಹಿಂದೆ ಮುಂದೆ ನೋಡಿ ಪ್ರಮೀಳಾ ಮೆಟ್ಟಿಲು ಹತ್ತಿದರು. ಟೋಪಿ ತೆಗೆದು, ಕೂದಲು ಸರಿಮಾಡಿಕೊಂಡು, ಬಂದ್ ಆಗಿದ್ದ ಮೈಕಿನ ಮುಂದೆ ನಿಂತು, "ಗುಡ್ ಈವ್ನಿಂಗ್" ಎಂದರು. ಅದು ನನಗೆ ಗೊತ್ತಿದ್ದ ದನಿಯಾಗಿರಲಿಲ್ಲ. ಗದಗಿನ ಹುಡುಗಿಯರು ಕೇಳುತ್ತಿದ್ದ ದನಿ ಇರಬೇಕು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ.

"ನಾ ಅಂತೂ ಆಗಲಿಲ್ಲ. ನೀವ ಅಧ್ಯಕ್ಷರಾಗ್ತೀರೇನ್ರಿ, ಸುಧಾ ಅವರ?" ಎಂದು ಅಲ್ಲಿಂದಲೇ ಕೇಳಿದರು.

ಕೇಳಿದ್ದೇ ತಡ, ಹೂಂ ಎಂದೆ.

"ಇಷ್ಟ ಲಗೂನ? ಒಂದ ಸಲರೆ ಬ್ಯಾಡ ಅನ್ರಿ. ನಾ ಇನ್ನ ಯಾರನ್ನ ಕೇಳಲಿ?"

ಬೇಡ ಎಂದೆ. ಮತ್ತೆ ಕೇಳಿದರು. ಅವರನ್ನು ಬಿಡಲು ಮನಸ್ಸಾಗದೆ ಮತ್ತೆ ಬೇಡ ಎಂದೆ. ಪ್ರಮೀಳಾ ವೇದಿಕೆ ಇಳಿದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಟೋಪಿಯನ್ನು ನನ್ನ ಮಡಿಲಲ್ಲಿಟ್ಟರು. ನಾವಿಬ್ಬರೂ ಖಾಲಿ ವೇದಿಕೆ ನೋಡುತ್ತ ಕೂತೆವು. ಮೂರನೇ ಸಲ ಅವರು ಕೇಳಲು ಬಹಳ ಹೊತ್ತು ತೆಗೆದುಕೊಂಡರು, ನಾನೂ ಅವಸರ ಮಾಡಲಿಲ್ಲ.

ಆಗಸ್ಟಿನಲ್ಲಿ ಶಾಲೆ ಶುರುವಾದಾಗ, ಆ ಟೋಪಿ ಹಾಕಿಕೊಂಡು ಕಾರಿನ ಸಾಲಿನ ಪಕ್ಕ ನಡೆದವಳು ನಾನು.