ದೊಡ್ಡಮ್ಮನ ಕೈಯಲ್ಲಿ ಕಾದ ವಾಚು

ನಮ್ಮ ದೊಡ್ಡಮ್ಮ ಮೂವತ್ತೈದು ವರ್ಷದಿಂದ ವಾಚ್ ರಿಪೇರಿ ಮಾಡುವವಳು. ಒಂದು ಮೇಜು ಹಿಡಿಸುವಷ್ಟೇ ಅಂಗಡಿ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಮೂಗಿನ ತುದಿಯಲ್ಲಿ ಕೋಪ. ‘ಓಡದ ಚಕ್ರ ತುಕ್ಕು ಹಿಡಿಯುತ್ತೆ’ ಎನ್ನುವುದು ಅವಳ ವೇದವಾಕ್ಯ. ಅದಕ್ಕೇ ಅರವತ್ತರಲ್ಲೂ ದಿನಾ ಬೆಳಿಗ್ಗೆ ಹತ್ತಕ್ಕೆ, ಅಂಗಡಿ ತೆರೆಯುವ ಮೊದಲು, ಮೈದಾನದಲ್ಲಿ ಹತ್ತು ಸುತ್ತು ಓಡುತ್ತಾಳೆ.

ಓಡುವಾಗ ಕಟ್ಟಿಕೊಳ್ಳಲೆಂದು ಅವಳ ಮಗಳು ಸ್ಮಾರ್ಟ್‌ವಾಚ್ ತಂದುಕೊಟ್ಟಳು. ಬಿಸಿಲಲ್ಲಿ ಆರನೇ ಸುತ್ತಿಗೆ ಅದು ಕಾದ ಹೆಂಚಾಯಿತು. ತುಂಬಿದ್ದ ಬ್ಯಾಟರಿ ತಳ ಕಂಡಿತು. ಮೂರು ದಿನವೂ ಇದೇ ಹಾಡು.

“ದೊಡ್ಡಮ್ಮ, ವಾಪಸ್ ಕೊಟ್ಬಿಡೋಣ,” ಎಂದೆ.

“ಬಾಯ್ಮುಚ್ಚು. ಒಂದು ವಾಚಿನ ಮುಂದೆ ನಾನು ಸೋಲೋದಾ?”

ಮರದ ನೆರಳಲ್ಲಿ ಕೂತು ಅದನ್ನು ಪೂರ್ತಿ ತಡಕಿದಳು. ನಾನೂ ಇಣುಕಿದೆ. ಪರದೆ ಸದಾ ಉರಿಯುತ್ತಿತ್ತು. ಹಾಡು, ನಕ್ಷೆ, ಹವಾಮಾನ, ಎಲ್ಲವೂ ಒಟ್ಟಿಗೆ ನಡೆಯುತ್ತಿದ್ದವು.

“ಇಷ್ಟೆಲ್ಲ ಆನ್ ಮಾಡಿದ್ದು ಯಾರು?”

“ನಾನೇ ಕಣೇ. ಸುಮ್ನೆ ಬಿಟ್ರೆ ಕೆಟ್ಟುಹೋಗುತ್ತೆ ಅಂತ ದಿನಾ ಬೆಳಿಗ್ಗೆ ಎಲ್ಲಾನೂ ಶುರು ಮಾಡ್ತಿದ್ದೆ.”

ನನಗೆ ನಗು ತಡೆಯಲಾಗಲಿಲ್ಲ. ಅವಳು ಒಂದೊಂದನ್ನೇ ಆಫ್ ಮಾಡಿ, ನಾಡಿ ನೋಡುವುದನ್ನು ಮಾತ್ರ ಉಳಿಸಿದಳು. ಮರುದಿನ ಅದೇ ಬಿಸಿಲಿನಲ್ಲಿ ಹತ್ತು ಸುತ್ತು ಮುಗಿದಾಗ ವಾಚು ಬೆಚ್ಚಗಷ್ಟೇ ಇತ್ತು; ಬ್ಯಾಟರಿ ಮುಕ್ಕಾಲು ಉಳಿದಿತ್ತು.

“ನೋಡಿದ್ಯಾ? ಸುಮ್ನಿರೋದೇ ಇದಕ್ಕೆ ಕೀಲೆಣ್ಣೆ.”

“ಹಾಗಾದ್ರೆ ನೀನೂ ಸ್ವಲ್ಪ ಸುಮ್ನೆ ಕೂತ್ಕೋ ದೊಡ್ಡಮ್ಮ.”

“ನಾನೇನು ಬ್ಯಾಟರಿ ವಾಚಾ? ಕೀ ಕೊಟ್ಟಷ್ಟೂ ಓಡೋ ಹಳೇ ಮಾಲು!” ಎಂದವಳೇ ಹನ್ನೊಂದನೇ ಸುತ್ತಿಗೆ ಹೊರಟಳು.